ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಊಟ ಮತ್ತು ಚೇತರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಆಹಾರ ತಜ್ಞೆಯಾಗಿರುವ ನನ್ನ ಬಳಿಗೆ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬರುವವರಲ್ಲಿ ಮಂಡ್ಯ, ಮದ್ದೂರು, ಪಾಂಡವಪುರ, ನಂಜನಗೂಡಿನ ಕಡೆಯವರು ಬಹಳ ಮಂದಿ. ಅವರ ಕೈಯಲ್ಲಿರುವ ಮುದ್ರಿತ ಆಹಾರ ಪಟ್ಟಿಯಲ್ಲಿ ಓಟ್ಸ್, ಬ್ರಾಕೊಲಿ, ಕ್ಲಿಯರ್ ಸೂಪ್ ಎಂದೆಲ್ಲ ಬರೆದಿರುತ್ತದೆ. ಮನೆಯ ಒಲೆಯ ಮೇಲಿರುವುದು ಮಾತ್ರ ಹಿಟ್ಟು (ಆ ಕಡೆ ರಾಗಿ ಮುದ್ದೆಗೆ ಹೇಳುವ ಮಾತು), ಬಸ್ಸಾರು, ಹುರಳಿಕಾಳು. ಪಟ್ಟಿಗೂ ಒಲೆಗೂ ತಾಳೆಯಾಗದೆ ಹುಟ್ಟಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಹೊಟ್ಟೆಯನ್ನು ಚಿಕ್ಕದು ಮಾಡಲು ಸರ್ಜನ್ನರಿಗೆ ಒಂದೆರಡು ಗಂಟೆ ಸಾಕು. ನುಂಗಿಯೇ ಅಭ್ಯಾಸವಾದ ಬಾಯಿಗೆ ಅಗಿಯುವುದನ್ನು ಕಲಿಸಲು ನಿಮಗೆ ತಿಂಗಳುಗಳೇ ಹಿಡಿಯುತ್ತವೆ ಎಂಬುದು ನನ್ನ ಅನುಭವ. ನಿಮ್ಮ ಸರ್ಜನ್ ಹೇಳಿದ್ದು ಇಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ಅವರ ಮಾತನ್ನೇ ನಡೆಸಿರಿ. ನಿಮ್ಮ ಹೊಟ್ಟೆಯೊಳಗನ್ನು ಕಂಡವರು ಅವರು.

ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯೊಳಗೆ ನಿಜವಾಗಿ ಏನು ಬದಲಾಗುತ್ತದೆ?

ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆ. ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಶೇಕಡಾ 75ರಿಂದ 80ರಷ್ಟನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಏಲಕ್ಕಿ ಬಾಳೆಯಂತಹ ಒಂದು ಸಪೂರ ಕೊಳವೆಯನ್ನು ಉಳಿಸುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಹೀಗಾಗಿ ತಿಂದದ್ದು ಸಣ್ಣ ಕರುಳಿನ ಮೊದಲ ಭಾಗವನ್ನು ಹಾದುಹೋಗುವುದೇ ಇಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ದೇಹಕ್ಕೆ ಸೇರುವುದು ಆ ಭಾಗದಲ್ಲೇ ಆದ್ದರಿಂದ, ಬೈಪಾಸ್ ಆದವರಿಗೆ ಮಾತ್ರೆಗಳ ಹಂಗು ಇನ್ನಷ್ಟು ಹೆಚ್ಚು.

ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗಿರುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವು ಅಷ್ಟಾಗಿ ಕಾಣಿಸುವುದಿಲ್ಲ. ಇದನ್ನು ವರವೆಂದು ತಿಳಿದು ಊಟವನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಅಂತಹವರಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿ, ಮೆಟ್ಟಿಲು ಹತ್ತುವಾಗ ತೊಡೆ ನಡುಗುವ ಸ್ಥಿತಿ ಬರುತ್ತದೆ. ಹಸಿವಿಲ್ಲದಿದ್ದರೂ ಗಡಿಯಾರ ನೋಡಿ ಉಣ್ಣಬೇಕಾದ ಕಾಲ ಅದು.

ಮೊದಲ ಎರಡು ವಾರ ಏನು ಕುಡಿಯಬೇಕು?

ಮೊದಲ ಒಂದೆರಡು ದಿನ ನೀರು, ತಿಳಿ ಗಂಜಿ ನೀರು, ಸೋಸಿದ ಬೇಳೆಕಟ್ಟು, ಎಳನೀರು ಇಂತಹ ತೆಳು ದ್ರವಗಳು ಮಾತ್ರ. ಆಮೇಲೆ ಎರಡು ವಾರ ತುಂಬುವವರೆಗೆ ಕೆನೆ ತೆಗೆದ ಹಾಲು, ನೀರು ಮಜ್ಜಿಗೆ, ತೊಗರಿಬೇಳೆ ಅಥವಾ ಹೆಸರುಬೇಳೆಯ ಕಟ್ಟು, ಬಟ್ಟೆಯಲ್ಲಿ ಸೋಸಿದ ತೆಳು ರಾಗಿ ಅಂಬಲಿ, ಮಾಂಸಾಹಾರಿಗಳಾದರೆ ಜಿಡ್ಡು ತೆಗೆದ ಕೋಳಿಯ ಅಥವಾ ಕಾಲಿನ ಸೂಪು, ಮತ್ತು ವೈದ್ಯರು ಬರೆದುಕೊಟ್ಟ ಪ್ರೋಟೀನ್ ಪುಡಿ ಕದಡಿದ ಹಾಲು. ಒಗ್ಗರಣೆ, ಹಸಿಮೆಣಸಿನಕಾಯಿ, ಹುಳಿ ಬೇಡ. ಉಪ್ಪು ಮತ್ತು ಚಿಟಿಕೆ ಜೀರಿಗೆ ಸಾಕು. ಸೋಡಾ ಮತ್ತು ಬಾಟಲಿಯ ತಂಪು ಪಾನೀಯಗಳನ್ನು ಈಗ ಮಾತ್ರವಲ್ಲ, ಮುಂದೆಯೂ ದೂರವಿಡುವುದೇ ಒಳ್ಳೆಯದು.

ಏನು ಕುಡಿಯಬೇಕು ಎನ್ನುವುದಕ್ಕಿಂತ ಹೇಗೆ ಕುಡಿಯಬೇಕು ಎನ್ನುವುದೇ ಇಲ್ಲಿ ಕಷ್ಟದ ವಿಷಯ. ನಮ್ಮವರಿಗೆ ತಲೆ ಎತ್ತಿ, ಚೊಂಬನ್ನು ತುಟಿಗೆ ತಾಗಿಸದೆ ಗಟಗಟನೆ ಕುಡಿಯುವ ರೂಢಿ. ಶಸ್ತ್ರಚಿಕಿತ್ಸೆಯ ನಂತರ ಹಾಗೆ ಕುಡಿದರೆ ನೀರು ಎದೆಯಲ್ಲೇ ನಿಂತು ನೋಯಿಸುತ್ತದೆ, ಜೊತೆಗೆ ಗಾಳಿಯೂ ಒಳಗೆ ಹೋಗುತ್ತದೆ. ಕೆಮ್ಮಿನ ಸಿರಪ್ಪಿನ ಸೀಸೆಗೆ ಬರುವ ಪ್ಲಾಸ್ಟಿಕ್ ಮುಚ್ಚಳವನ್ನು ತೊಳೆದಿಟ್ಟುಕೊಂಡು ಅದರಲ್ಲೇ ಕುಡಿಯಿರಿ ಎಂದು ನಾನು ಹೇಳುತ್ತೇನೆ: ಒಂದು ಮುಚ್ಚಳವೆಂದರೆ 10 ಮಿಲಿಲೀಟರ್, ಎರಡು ನಿಮಿಷಕ್ಕೊಮ್ಮೆ ಒಂದು ಮುಚ್ಚಳ. ಪಾಂಡವಪುರದ ಅಜ್ಜಿಯೊಬ್ಬರು ಇದನ್ನು ಕೇಳಿ, ಮೊಮ್ಮಗನಿಗೆ ಹಾಲು ಕುಡಿಸಿದ ಹಳೆಯ ಬೆಳ್ಳಿ ಒಳಲೆಯನ್ನೇ ತಂದು ಮಗಳ ಕೈಗೆ ಕೊಟ್ಟರು. ಅದಕ್ಕಿಂತ ಒಳ್ಳೆಯ ಸಾಧನ ನನಗೂ ತೋಚಿರಲಿಲ್ಲ.

ಮೂರನೇ ವಾರದಿಂದ ಆರನೇ ವಾರದವರೆಗೆ?

ಮೂರು ಮತ್ತು ನಾಲ್ಕನೇ ವಾರಗಳಲ್ಲಿ ಎಲ್ಲವೂ ನುಣ್ಣಗೆ ರುಬ್ಬಿದಂತಿರಬೇಕು: ಕಿವುಚಿದ ಇಡ್ಲಿಗೆ ಬೇಳೆಕಟ್ಟು, ಮಿಕ್ಸಿಗೆ ಹಾಕಿದ ಬೇಳೆ ಮತ್ತು ಸೋರೆಕಾಯಿ, ಗಟ್ಟಿ ಮೊಸರು, ಮೆತ್ತಗೆ ಬೇಯಿಸಿ ಹಿಸುಕಿದ ಮೊಟ್ಟೆ. ಐದು ಮತ್ತು ಆರನೇ ವಾರಗಳಲ್ಲಿ ಮೆದುವಾದ ಪದಾರ್ಥಗಳು ಬರಬಹುದು: ಪನೀರ್, ಮುಳ್ಳು ತೆಗೆದ ಮೀನು, ಚೆನ್ನಾಗಿ ಬೆಂದ ಹೆಸರುಕಾಳು, ಹಬೆಯಲ್ಲಿ ಬೇಯಿಸಿದ ತರಕಾರಿ. ನಾರಿರುವ ನುಗ್ಗೆಕಾಯಿ, ಸೊಪ್ಪಿನ ದಂಟು, ಹಲಸಿನ ತೊಳೆ ಮತ್ತು ಒಣಗಿದಂತಿರುವ ಕೋಳಿಯ ಎದೆಭಾಗ ಇನ್ನೂ ಕೆಲವು ವಾರ ಕಾಯಲಿ. ಒಂದು ಹೊತ್ತಿಗೆ ಮೂರು ನಾಲ್ಕು ಚಮಚದಿಂದ ಆರಂಭಿಸಿ, ಹೊಸ ಪದಾರ್ಥವನ್ನು ದಿನಕ್ಕೆ ಒಂದರಂತೆ ಮಾತ್ರ ಸೇರಿಸಿದರೆ, ಯಾವುದು ಒಗ್ಗಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಮುದ್ದೆ ಯಾವಾಗ ತಿನ್ನಬಹುದು?

ಮಂಡ್ಯದ ಕಡೆಯವರು ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆಯೇ ಕೇಳುವ ಪ್ರಶ್ನೆ ಇದು. ರಾಗಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. 100 ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬೇರೆ ಯಾವ ಧಾನ್ಯವೂ ಇದರ ಹತ್ತಿರಕ್ಕೆ ಬರುವುದಿಲ್ಲ. ತೊಂದರೆ ಇರುವುದು ರಾಗಿಯಲ್ಲಲ್ಲ, ಮುದ್ದೆಯನ್ನು ತಿನ್ನುವ ಕ್ರಮದಲ್ಲಿ.

ಮುದ್ದೆಯನ್ನು ಅಗಿಯುವವರು ಯಾರು? ಬಲಗೈಯ ಮೂರು ಬೆರಳಲ್ಲಿ ಅಡಿಕೆ ಗಾತ್ರದ ತುತ್ತು ಮುರಿದು, ಹೆಬ್ಬೆರಳಿನಿಂದ ಸ್ವಲ್ಪ ಅದುಮಿ, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟ ಕ್ಷಣಕ್ಕೆ ಗುಳುಂ ಎಂದು ನುಂಗುವುದೇ ಅದರ ಸೊಗಸು. ಸ್ಲೀವ್ ಆದವರ ಜಠರವೀಗ ಹೆಚ್ಚು ಕಡಿಮೆ ಕಿರುಬೆರಳಿನ ದಪ್ಪದ ಕೊಳವೆ ಎಂದು ನೆನೆದುಕೊಂಡರೆ, ಅಡಿಕೆ ಗಾತ್ರದ ಅಂಟು ತುತ್ತು ಅಲ್ಲಿ ಏನು ಮಾಡೀತು ಎಂಬುದನ್ನು ವಿವರಿಸಬೇಕಾಗಿಲ್ಲ. ತುತ್ತು ನುಂಗುವುದರ ಜೊತೆಗೆ ಸಾರನ್ನೂ ಸುರಿದುಕೊಳ್ಳುವುದರಿಂದ ಊಟದ ಜೊತೆ ದ್ರವ ಬೇಡವೆಂಬ ನಿಯಮವೂ ಮುರಿಯುತ್ತದೆ. ಇನ್ನು ಒಂದು ಸಾಧಾರಣ ಮುದ್ದೆಗೆ ಬೇಕಾಗುವ 70 ಗ್ರಾಂ ಹಿಟ್ಟಿನಲ್ಲಿ ಸಿಗುವ ಪ್ರೋಟೀನು ಸುಮಾರು 5 ಗ್ರಾಂ ಮಾತ್ರ. ಅರ್ಧ ಮುದ್ದೆಗೇ ಹೊಟ್ಟೆ ತುಂಬಿಹೋದರೆ ಕಾಳಿಗೂ ಮಾಂಸಕ್ಕೂ ಜಾಗ ಎಲ್ಲಿ?

ಆದ್ದರಿಂದ ಮೊದಲ ಮೂರು ತಿಂಗಳು ಮುದ್ದೆ ಬೇಡ. ರಾಗಿ ಬೇಕೆನಿಸಿದವರು ಮಜ್ಜಿಗೆ ಹಾಕಿದ ಅಂಬಲಿಯನ್ನು ಊಟದ ಹೊತ್ತಿಗಲ್ಲದೆ ಬೇರೆ ಹೊತ್ತಿನಲ್ಲಿ ಕುಡಿಯಬಹುದು. ಆರು ವಾರ ಕಳೆದ ಮೇಲೆ ರಾಗಿ ಶ್ಯಾವಿಗೆಯನ್ನೂ, ಇನ್ನೂ ಸ್ವಲ್ಪ ದಿನ ಬಿಟ್ಟು ಗರಿಯಾದ ತೆಳು ರಾಗಿ ರೊಟ್ಟಿಯನ್ನೂ ನೋಡಬಹುದು. ರೊಟ್ಟಿಯಲ್ಲಿ ಒಂದು ಅನುಕೂಲವಿದೆ, ಅಗಿಯದೆ ಅದು ಗಂಟಲಿಗೆ ಇಳಿಯುವುದೇ ಇಲ್ಲ. ಮೂರು ತಿಂಗಳ ನಂತರ ಸರ್ಜನ್ ಒಪ್ಪಿದರೆ ಮುದ್ದೆಯನ್ನು ಆರಂಭಿಸಬಹುದು. ಮೊದಲು ತಟ್ಟೆಯಲ್ಲಿರುವ ಕಾಳು, ಮೊಟ್ಟೆ ಅಥವಾ ಮಾಂಸವನ್ನು ಮುಗಿಸಿ, ಆಮೇಲೆ ನಿಂಬೆಹಣ್ಣಿನಷ್ಟು ಮುದ್ದೆಯನ್ನು ಕಡಲೆಕಾಳಿನ ಗಾತ್ರಕ್ಕೆ ಮುರಿದು, ಗಟ್ಟಿ ಬಸ್ಸಾರಿನ ಸೊಪ್ಪು ಕಾಳಿನೊಂದಿಗೆ ಬಾಯಲ್ಲಿ ಚೆನ್ನಾಗಿ ಅಗಿದು ತಿನ್ನಬೇಕು.

ಇದನ್ನು ಹೇಳಿದಾಗ ಕೆರಗೋಡಿನ ಕಡೆಯ ರೈತರೊಬ್ಬರು ನನ್ನ ಮುಖವನ್ನೇ ನೋಡಿ, "ಹಿಟ್ಟ ಯಾರಾರ ಅಗ್ದು ತಿಂತಾರಾ ಮೇಡಮ್ಮೋರೆ?" ಎಂದು ಕೇಳಿದ್ದರು. ಆರು ತಿಂಗಳ ಮೇಲೆ ಬಂದಾಗ, ಅಗಿದ ಹಿಟ್ಟು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅದಕ್ಕಿಂತ ರೊಟ್ಟಿಯೇ ವಾಸಿ ಎಂದು ಒಪ್ಪಿಕೊಂಡರು. ಭಾನುವಾರ ಮಾತ್ರ ಹಿಟ್ಟು ಎಂಬ ಒಪ್ಪಂದ ಈಗ ಅವರಿಗೂ ಅವರ ಮನೆಯವರಿಗೂ ಆಗಿದೆ.

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ನಾವು ಸಸ್ಯಾಹಾರಿಗಳು, ಅಷ್ಟು ಸಾಧ್ಯವೇ?

ಸಾಮಾನ್ಯವಾಗಿ ದಿನಕ್ಕೆ 60ರಿಂದ 80 ಗ್ರಾಂ. ಮೂರು ಮೊಟ್ಟೆ ಮತ್ತು 100 ಗ್ರಾಂ ಬೆಂದ ಕೋಳಿ ತಿನ್ನುವವರಿಗೆ ಇದರಲ್ಲಿ 45 ಗ್ರಾಂ ಆಗಲೇ ಬಂದುಬಿಡುತ್ತದೆ. ಸಸ್ಯಾಹಾರಿಗಳು ಲೆಕ್ಕ ಇಡಲೇಬೇಕು, ಏಕೆಂದರೆ ನಮ್ಮ ಅಡುಗೆಯಲ್ಲಿ ಬೇಳೆ ಇದೆ ಎಂದುಕೊಂಡರೂ ತಿಳಿಸಾರಿನಲ್ಲಿ ಇರುವುದು ಬೇಳೆಯ ಬಣ್ಣ ಮಾತ್ರ. ಮೂರನೇ ತಿಂಗಳಿನಲ್ಲಿ ಒಬ್ಬರ ದಿನ ಹೀಗಿರಬಹುದು: ಬೆಳಿಗ್ಗೆ 200 ಮಿಲಿಲೀಟರ್ ಹಾಲಿಗೆ ಬೆರೆಸಿದ ಪ್ರೋಟೀನ್ ಪುಡಿಯಿಂದ ಹಾಲೂ ಸೇರಿ 28 ಗ್ರಾಂ, ಮಧ್ಯಾಹ್ನ ಗಟ್ಟಿ ಬೇಳೆ ಒಂದು ಬಟ್ಟಲು 6 ಗ್ರಾಂ, ಸಂಜೆ 50 ಗ್ರಾಂ ಪನೀರಿನಿಂದ 9 ಗ್ರಾಂ, ರಾತ್ರಿ ಬೆಂದ ಕಾಳು ಒಂದು ಬಟ್ಟಲು 6 ಗ್ರಾಂ, ಒಣತೂಕದಲ್ಲಿ 15 ಗ್ರಾಂ ಸೋಯಾ ಚಂಕ್ಸ್ ನೆನೆಸಿ ಬೇಯಿಸಿ ಪುಡಿ ಮಾಡಿ ಪಲ್ಯಕ್ಕೆ ಸೇರಿಸಿದರೆ 8 ಗ್ರಾಂ, ಒಂದು ಬಟ್ಟಲು ಮೊಸರು 3 ಗ್ರಾಂ. ಕೂಡಿದರೆ 60. ಪುಡಿಯನ್ನು ತೆಗೆದರೆ ಈ ಲೆಕ್ಕ ನೆಲಕ್ಕೆ ಬೀಳುತ್ತದೆ ಎಂಬುದನ್ನು ಗಮನಿಸಿರಿ. ಪುಡಿ ಕೃತಕ, ಬೇಡ ಎನ್ನುವ ಮನೆಯ ಹಿರಿಯರಿಗೆ ನಾನು ಹೇಳುವುದಿಷ್ಟೆ: ಹೆಚ್ಚಿನ ಡಬ್ಬಿಗಳಲ್ಲಿ ಇರುವುದು ಹಾಲಿನಿಂದ ಚೀಸ್ ತೆಗೆದ ಮೇಲೆ ಉಳಿಯುವ ನೀರನ್ನು ಒಣಗಿಸಿದ ಪುಡಿ.

ಅವರೆಕಾಳಿನ ಕಾಲದಲ್ಲಿ ಹಿತಕಿದ ಬೇಳೆ ಬಹಳ ಒಳ್ಳೆಯದು. ಸಿಪ್ಪೆ ಹೋಗಿರುವುದರಿಂದ ಮೆತ್ತಗೆ ಬೇಯುತ್ತದೆ, ಹೊಟ್ಟೆ ಉಬ್ಬರವೂ ಕಡಿಮೆ.

ಊಟದ ಜೊತೆ ನೀರು ಕುಡಿಯಬಾರದೆಂದರೆ ಹೇಗೆ?

ಊಟಕ್ಕೆ ಅರ್ಧ ಗಂಟೆ ಮೊದಲು ನಿಲ್ಲಿಸಿ, ಊಟವಾದ ಅರ್ಧ ಗಂಟೆಯ ನಂತರ ಮತ್ತೆ ಆರಂಭಿಸಿರಿ. ಕುಡಿದ ನೀರು ತಿಂದದ್ದನ್ನು ಬೇಗ ಮುಂದಕ್ಕೆ ತಳ್ಳುವುದರಿಂದ ತೃಪ್ತಿ ನಿಲ್ಲುವುದಿಲ್ಲ; ಮೊದಲ ತಿಂಗಳುಗಳಲ್ಲಂತೂ ಎರಡಕ್ಕೂ ಒಟ್ಟಿಗೆ ಜಾಗವಿಲ್ಲದೆ ವಾಂತಿಯಾಗುತ್ತದೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಆಗಲೇಬೇಕು. ಮೂತ್ರ ಗಾಢ ಹಳದಿಯಾಗಿದ್ದರೆ ಸಾಲುತ್ತಿಲ್ಲ ಎಂದೇ ಅರ್ಥ. ತಟ್ಟೆಯ ಪಕ್ಕದಲ್ಲಿ ಲೋಟ ಇಡುವುದನ್ನೇ ನಿಲ್ಲಿಸಿರಿ ಎಂದರೆ ಮನೆಯ ಹೆಂಗಸರಿಗೆ ಮನಸ್ಸು ಒಪ್ಪುವುದಿಲ್ಲ. ನೀರಿಡದೆ ಊಟಕ್ಕೆ ಬಡಿಸುವುದು ಅಪಚಾರವೆಂದು ಅವರ ಭಾವನೆ. ಲೋಟ ಇರಲಿ, ಖಾಲಿಯಾಗಿರಲಿ.

ಮೈಸೂರು ಪಾಕ್ ಒಂದು ತುಂಡು ತಿಂದರೆ ಏನಾಗುತ್ತದೆ? ಬೆಲ್ಲವಾದರೆ ಪರವಾಗಿಲ್ಲವೇ?

ಬೈಪಾಸ್ ಆದವರಿಗೆ ಏನಾಗುತ್ತದೆ ಎಂಬುದನ್ನು ಒಬ್ಬರ ಅನುಭವದಿಂದ ಹೇಳುತ್ತೇನೆ. ಸ್ವಂತ ಆಲೆಮನೆ ಇರುವವರು; ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಗಿತ್ತು. ಗಾಣದ ಮುಂದೆ ನಿಂತು ಅರ್ಧ ಲೋಟ ಕಬ್ಬಿನ ಹಾಲು ಕುಡಿದರು. ಕಾಲು ಗಂಟೆಯೊಳಗೆ ಎದೆ ಡವಡವ ಎನ್ನತೊಡಗಿ, ಬನಿಯನ್ನು ಬೆವರಿನಿಂದ ತೊಯ್ದು, ಹೊಟ್ಟೆ ಹಿಂಡಿ, ಕಬ್ಬಿನ ಸಿಪ್ಪೆಯ ರಾಶಿಯ ಮೇಲೆಯೇ ಮಲಗಿಬಿಟ್ಟರು. ಹೃದಯಾಘಾತವೆಂದು ಹೆದರಿ ಮನೆಯವರು ಕಾರು ತಂದರು. ಅದು ಡಂಪಿಂಗ್ ಎಂಬ ಸ್ಥಿತಿ. ಸಕ್ಕರೆಯ ದ್ರವ ಜಠರದಲ್ಲಿ ತಡೆಯದೆ ನೇರವಾಗಿ ಸಣ್ಣ ಕರುಳಿಗೆ ನುಗ್ಗಿದಾಗ, ಕರುಳು ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ 10ರಿಂದ 30 ನಿಮಿಷದಲ್ಲಿ ಈ ಲಕ್ಷಣಗಳು ಕಾಣಿಸುತ್ತವೆ. ಇನ್ನೊಂದು ಬಗೆ ತಡವಾಗಿ, ಅಂದರೆ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ: ಏರಿದ ಸಕ್ಕರೆಗೆ ದೇಹ ಅತಿಯಾಗಿ ಇನ್ಸುಲಿನ್ ಸುರಿದು, ಸಕ್ಕರೆ ತಟ್ಟನೆ ಕುಸಿದು ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಸ್ಲೀವ್ ಆದವರಲ್ಲಿ ಇದು ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ.

ಬೆಲ್ಲದ ಮಾತಿಗೆ ಬಂದರೆ, ಕರುಳಿಗೆ ಬೆಲ್ಲಕ್ಕೂ ಸಕ್ಕರೆಗೂ ಇರುವ ಭೇದ ಗೊತ್ತಾಗುವುದಿಲ್ಲ. ಸಕ್ಕರೆ ಜಿಲ್ಲೆಯಾದ ಮಂಡ್ಯದವರಿಗೆ ಇದನ್ನು ಹೇಳುವುದು ಕಷ್ಟವೇ ಸರಿ. ಮೈಸೂರು ಪಾಕ್‌ನಲ್ಲಿ ಸಕ್ಕರೆಯ ಜೊತೆಗೆ ತುಪ್ಪವೂ ಇರುವುದರಿಂದ ಬೆರಳ ತುದಿಯಷ್ಟು ತುಂಡಿನಲ್ಲೂ ಕ್ಯಾಲೊರಿ ಬಹಳ. ಮೊದಲ ವರ್ಷ ಮುಟ್ಟದಿರುವುದೇ ಮೇಲು.

ತಿಂದದ್ದು ಎದೆಯಲ್ಲೇ ಸಿಕ್ಕಿಕೊಂಡಂತಾಗಿ ವಾಂತಿಯಾಗುತ್ತದೆ. ಇದು ಸಹಜವೇ?

ಬೇಗ ತಿಂದಾಗ, ಸರಿಯಾಗಿ ಅಗಿಯದಾಗ, ಒಂದು ತುತ್ತು ಹೆಚ್ಚಾದಾಗ ಹೀಗಾಗುತ್ತದೆ. ಬಾಯಲ್ಲಿ ನೊರೆಯಂತಹ ಎಂಜಲು ತುಂಬಿಕೊಳ್ಳುವುದು, ಬಿಕ್ಕಳಿಕೆ ಅಥವಾ ಮೂಗು ಸೋರುವುದು ಕೆಲವರಿಗೆ ಹೊಟ್ಟೆ ತುಂಬಿದ ಸೂಚನೆ. ಅಲ್ಲಿಗೆ ಕೈ ತೊಳೆಯಬೇಕು. ತಟ್ಟೆಯಲ್ಲಿ ಅನ್ನ ಉಳಿದರೆ ಉಳಿಯಲಿ. ಚಿಕ್ಕ ತಟ್ಟೆ, ಮಗುವಿನ ಚಮಚ, ಒಂದು ತುತ್ತಿಗೆ ಇಪ್ಪತ್ತು ಮೂವತ್ತು ಬಾರಿ ಅಗಿಯುವುದು, ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ಟಿವಿ ಮತ್ತು ಮೊಬೈಲ್ ದೂರ. ಬಿಸಿ ಅನ್ನ, ಮೆತ್ತನೆಯ ಬ್ರೆಡ್ಡು, ದಪ್ಪ ಚಪಾತಿ ಇವು ಮುದ್ದೆಯಂತೆಯೇ ಅಂಟಿ ಉಂಡೆಕಟ್ಟುವ ಪದಾರ್ಥಗಳು. ಆದರೆ ದಿನವೂ ವಾಂತಿಯಾಗುತ್ತಿದ್ದರೆ ಅದು ಅಭ್ಯಾಸದ ದೋಷವಲ್ಲ, ಕೊಳವೆ ಅಥವಾ ಜೋಡಣೆ ಕಿರಿದಾಗಿರಬಹುದು, ಎಂಡೊಸ್ಕೋಪಿ ಬೇಕಾದೀತು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ವಾಂತಿಯಾಗಿ ಸುಸ್ತಾದವರು ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಏರಿಸಿಕೊಂಡು ಬರುವುದು ನಮ್ಮೂರುಗಳ ಪದ್ಧತಿ. ಹಲವು ದಿನ ವಾಂತಿಯಾದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಕೊಟ್ಟರೆ ಮಿದುಳಿಗೆ ಪೆಟ್ಟು ಬೀಳಬಹುದು: ನೋಟ ಎರಡಾಗುವುದು, ನಡಿಗೆ ತೂರಾಡುವುದು, ಗೊಂದಲ. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ನಿಮಗೆ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬುದನ್ನು ಸೂಜಿ ಚುಚ್ಚುವ ಮುಂಚೆಯೇ ಹೇಳಿರಿ.

ವಿಟಮಿನ್ ಮಾತ್ರೆಗಳನ್ನು ಎಷ್ಟು ಕಾಲ ನುಂಗಬೇಕು?

ಜೀವನಪೂರ್ತಿ. ಬಿಲ್ಲು ನೋಡಿ ಮೊದಲು ನಿಲ್ಲಿಸುವುದು ಇದನ್ನೇ ಆದ್ದರಿಂದ ಬೇರೆ ಮಾತು ಸೇರಿಸದೆ ಹೇಳುತ್ತಿದ್ದೇನೆ. ಒಂದು ಪೂರ್ಣ ಮಲ್ಟಿವಿಟಮಿನ್, ಬಿ12, ಡಿ ವಿಟಮಿನ್, ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಮಾನ್ಯ ಪಟ್ಟಿ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕು. ಒಂದು ಸಲಕ್ಕೆ 500–600 ಮಿಲಿಗ್ರಾಂಗಿಂತ ಹೆಚ್ಚು ದೇಹಕ್ಕೆ ಹತ್ತುವುದಿಲ್ಲವಾದ್ದರಿಂದ ಎರಡು ಮೂರು ಪಾಲು ಮಾಡಿ ತೆಗೆದುಕೊಳ್ಳಬೇಕು. ಜಠರದ ಆಮ್ಲ ಕಡಿಮೆಯಾಗಿರುವುದರಿಂದ ಕಾರ್ಬೊನೇಟ್‌ಗಿಂತ ಸಿಟ್ರೇಟ್ ರೂಪ ವಾಸಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದನ್ನೊಂದು ತಡೆಯುತ್ತವೆ. ನಡುವೆ ಎರಡು ಗಂಟೆ ಅಂತರವಿರಲಿ. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮತ್ತು ಬೈಪಾಸ್ ಆದವರಿಗೆ ಕಬ್ಬಿಣ ದಿನಕ್ಕೆ 45ರಿಂದ 60 ಮಿಲಿಗ್ರಾಂ. ಅದನ್ನು ಫಿಲ್ಟರ್ ಕಾಫಿಯ ಜೊತೆ ನುಂಗಿದರೆ ಅರ್ಧ ವ್ಯರ್ಥ. ಕಾಫಿಗೂ ಕಬ್ಬಿಣದ ಮಾತ್ರೆಗೂ ಒಂದೆರಡು ಗಂಟೆ ಬಿಡಿರಿ. ಮೊದಲ ತಿಂಗಳು ಕಾಫಿಯನ್ನೇ ಬಿಟ್ಟರೆ ಇನ್ನೂ ಒಳ್ಳೆಯದು.

ರಾಗಿ ತಿನ್ನುತ್ತೇವೆ, ಕ್ಯಾಲ್ಸಿಯಂ ಮಾತ್ರೆ ಯಾಕೆ ಎನ್ನುವವರು ಈಗ ತಾವು ಎಷ್ಟು ರಾಗಿ ತಿನ್ನುತ್ತಿದ್ದೇವೆ ಎಂದು ತೂಗಿ ನೋಡಲಿ.

ಶುಗರ್, ಬಿಪಿ ಮಾತ್ರೆಗಳನ್ನು ಮೊದಲಿನಂತೆಯೇ ಮುಂದುವರಿಸಬಹುದೇ?

ಕೂಡದು, ಹಾಗೆಂದು ತಾವಾಗಿ ನಿಲ್ಲಿಸಲೂ ಕೂಡದು. ತೂಕ ಇಳಿಯುವ ಮೊದಲೇ, ಶಸ್ತ್ರಚಿಕಿತ್ಸೆಯಾದ ದಿನಗಳಲ್ಲೇ ಸಕ್ಕರೆ ಇಳಿಯತೊಡಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇರಲಿ, ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿರಿ. ಬಿಪಿ ಮಾತ್ರೆಗೂ ಇದೇ ಮಾತು; ಎದ್ದು ನಿಂತಾಗ ತಲೆ ಸುತ್ತಿದರೆ ಪ್ರಮಾಣ ಹೆಚ್ಚಾಗಿದೆಯೇ ಎಂದು ಕೇಳಿರಿ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಬೈಪಾಸ್ ಆದವರು ಮುಟ್ಟಲೇಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ನೋವಿಗೆ ಪ್ಯಾರಸಿಟಮಾಲ್ ಸಾಕು.

ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು? ನಡಿಗೆ ಯಾವಾಗಿನಿಂದ?

ನಡಿಗೆ ಅದೇ ದಿನ ಸಂಜೆ ವಾರ್ಡಿನಲ್ಲೇ ಆರಂಭವಾಗುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದಕ್ಕಿಂತ ಸುಲಭ ಉಪಾಯವಿಲ್ಲ. ಮನೆಗೆ ಬಂದವರನ್ನು ಬಾಣಂತಿಯಂತೆ ಮಲಗಿಸಿ ಕಂಬಳಿ ಹೊದಿಸುವ ಪ್ರೀತಿ ಇಲ್ಲಿ ಕೇಡು. ಮೊದಲ ವಾರ ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ, ತಿಂಗಳಾಗುವ ಹೊತ್ತಿಗೆ ಒಂದೇ ಸಲ ಅರ್ಧ ಗಂಟೆ. ಕುಕ್ಕರಹಳ್ಳಿ ಕೆರೆಯ ಏರಿ ಸಮತಟ್ಟಾಗಿದೆ, ನೆರಳಿದೆ, ಸುಸ್ತಾದರೆ ಕೂರಲು ಕಲ್ಲುಬೆಂಚುಗಳಿವೆ. ಪೂರ್ತಿ ಸುತ್ತು ಹಾಕುವ ಹಟ ಮೊದಲ ತಿಂಗಳು ಬೇಡ. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಮೂರು ತಿಂಗಳು ಕಾಯಿರಿ.

ಮೇಜಿನ ಮುಂದಿನ ಕೆಲಸಕ್ಕೆ ಎರಡು ವಾರ ಸಾಕು. ನೀರಿನ ಬಿಂದಿಗೆ, ಗ್ಯಾಸ್ ಸಿಲಿಂಡರ್, ಹುಲ್ಲಿನ ಹೊರೆ, ಔಷಧಿ ಸಿಂಪಡಿಸುವ ಟ್ಯಾಂಕು ಇಂತಹ ಭಾರಕ್ಕೆ ಆರು ವಾರ. ಹಾಲು ಕರೆಯಲು ಕುಕ್ಕರುಗಾಲಿನಲ್ಲಿ ಕೂರುವುದೂ ಮೊದಲ ಮೂರು ವಾರ ಬೇಡ.

ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ.

ಮೂರರಿಂದ ಆರು ತಿಂಗಳ ನಡುವೆ ಹೆಚ್ಚಿನವರಿಗೆ ಹೀಗಾಗುತ್ತದೆ. ತೂಕ ವೇಗವಾಗಿ ಇಳಿದದ್ದೇ ಕಾರಣ, ಬೇರು ಸತ್ತಿರುವುದಿಲ್ಲ. ಪ್ರೋಟೀನು ಮತ್ತು ಕಬ್ಬಿಣ ಸರಿಯಾಗಿದ್ದರೆ ಮತ್ತೆ ಬರುತ್ತದೆ. ವರ್ಷವಾದರೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿರಿ.

ಬೀಗರ ಊಟ, ಮದುವೆ, ಹಬ್ಬಗಳಲ್ಲಿ ಏನು ಮಾಡುವುದು?

ಮಂಡ್ಯದ ಬೀಗರ ಊಟದಲ್ಲಿ ಎಲೆ ನೋಡಿ ಬಡಿಸುವವರಿಲ್ಲ, ಆಳು ನೋಡಿ ಬಡಿಸುತ್ತಾರೆ. ದೊಡ್ಡ ಮೈಕಟ್ಟಿನವರು ಎರಡು ತುಂಡಿಗೆ ಕೈ ಅಡ್ಡ ಹಿಡಿದರೆ ಬೀಗರು ಮುನಿಸಿಕೊಂಡಿದ್ದಾರೆ ಎಂಬ ಸುದ್ದಿ ಹಬ್ಬುತ್ತದೆ. ಶಸ್ತ್ರಚಿಕಿತ್ಸೆಯ ವಿಷಯವನ್ನು ಎಲ್ಲರಿಗೂ ಹೇಳಲು ಮನಸ್ಸಿಲ್ಲದವರು "ಗ್ಯಾಸ್ಟ್ರಿಕ್, ಡಾಕ್ಟ್ರು ಬೇಡ ಅಂದವ್ರೆ" ಎಂದರೆ ಸಾಕು, ನಮ್ಮಲ್ಲಿ ಆ ಪದಕ್ಕೆ ಇರುವಷ್ಟು ಗೌರವ ಬೇರೆ ಯಾವ ಕಾಯಿಲೆಗೂ ಇಲ್ಲ. ಕೊನೆಯ ಪಂಕ್ತಿಯಲ್ಲಿ ಕೂರಿರಿ, ಆಗ ಬಡಿಸುವವರಿಗೇ ಆಯಾಸವಾಗಿರುತ್ತದೆ. ಮೆತ್ತಗೆ ಬೆಂದ ಮಾಂಸ ಎರಡು ಚಿಕ್ಕ ತುಂಡು, ಮೊಟ್ಟೆ, ಆಮೇಲೆ ಜಾಗವಿದ್ದರೆ ಎರಡು ಚಮಚ ಅನ್ನ. ಮೂಳೆಯಲ್ಲಿರುವ ನಾರು ಮಾಂಸವನ್ನು ಎಳೆದು ನುಂಗುವುದು ಬೇಡ. ಸಸ್ಯಾಹಾರದ ಮದುವೆಯಾದರೆ ಕೋಸಂಬರಿಯೇ ನಿಮ್ಮ ಮಿತ್ರ, ಅದನ್ನು ಎರಡು ಸಲ ಕೇಳಿ ಹಾಕಿಸಿಕೊಳ್ಳಿ.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳನ್ನು ಮೊದಲ ವರ್ಷ ಕೈಬಿಡಿ. ನೀರನ್ನೂ ಬಿಡುವ ಉಪವಾಸವಂತೂ ಆಮೇಲೆಯೂ ವೈದ್ಯರ ಒಪ್ಪಿಗೆಯಿಲ್ಲದೆ ಬೇಡ.

ಮದ್ಯ, ಹೊಗೆಸೊಪ್ಪು, ಎಲೆ ಅಡಿಕೆ?

ಶಸ್ತ್ರಚಿಕಿತ್ಸೆಯ ನಂತರ ಮದ್ಯ ಬಹುಬೇಗ ರಕ್ತಕ್ಕೆ ಸೇರಿ, ಮೊದಲಿಗಿಂತ ಕಡಿಮೆ ಕುಡಿದರೂ ಹೆಚ್ಚು ಏರುತ್ತದೆ. ಊಟದ ಸುಖ ಹೋದ ಜಾಗಕ್ಕೆ ಕುಡಿತ ಬಂದು ಕೂರುವುದನ್ನು, ಅದೂ ಎರಡನೇ ವರ್ಷದ ನಂತರ, ವೈದ್ಯರು ಬಹಳ ಕಡೆ ಗಮನಿಸಿದ್ದಾರೆ. ಮೊದಲ ವರ್ಷ ಪೂರ್ತಿ ಬೇಡ. ಬೀಡಿ, ಸಿಗರೇಟು, ಹೊಗೆಸೊಪ್ಪು ಎಂದೆಂದಿಗೂ ಬೇಡ, ಅವು ಹುಣ್ಣಿಗೆ ನೇರ ದಾರಿ. ಎಲೆ ಅಡಿಕೆಯ ನಾರನ್ನು ನುಂಗಬಾರದು. ಮೈಸೂರು ಚಿಗುರೆಲೆಯಾದರೂ ಇದೇ ಮಾತು.

ಮಗು ಮಾಡಿಕೊಳ್ಳಲು ಎಷ್ಟು ಕಾಲ ಕಾಯಬೇಕು?

12ರಿಂದ 18 ತಿಂಗಳು. ಪಿಸಿಒಡಿ ಎಂಬ ಅಂಡಾಶಯದ ತೊಂದರೆಯಿಂದ ಮುಟ್ಟು ಏರುಪೇರಾಗಿದ್ದವರಲ್ಲಿ ತೂಕ ಇಳಿಯುತ್ತಿದ್ದಂತೆ ಗರ್ಭ ನಿಲ್ಲುವ ಸಾಧ್ಯತೆ ಬೇಗನೆ ಹೆಚ್ಚುತ್ತದೆ. ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆಯ ಮೇಲೆ ಪೂರ್ತಿ ಭರವಸೆ ಸಲ್ಲದು, ಬೇರೆ ವಿಧಾನವನ್ನು ಸ್ತ್ರೀರೋಗ ತಜ್ಞರಲ್ಲಿ ಕೇಳಿರಿ. ಗರ್ಭಿಣಿಯರಿಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯಿಂದ ಡಂಪಿಂಗ್ ಆಗಬಹುದಾದ್ದರಿಂದ, ಶಸ್ತ್ರಚಿಕಿತ್ಸೆಯ ವಿಷಯವನ್ನು ಸ್ತ್ರೀರೋಗ ತಜ್ಞರಿಗೆ ಮೊದಲ ಭೇಟಿಯಲ್ಲೇ ಹೇಳಬೇಕು.

ತೂಕ ಇಳಿಯುವುದು ನಿಂತುಹೋಗಿದೆ, ಸ್ವಲ್ಪ ಏರುತ್ತಲೂ ಇದೆ. ಶಸ್ತ್ರಚಿಕಿತ್ಸೆ ವಿಫಲವಾಯಿತೇ?

ಸ್ಲೀವ್‌ನಲ್ಲಿ ಒಟ್ಟು ತೂಕದ ಸುಮಾರು ಕಾಲು ಭಾಗ, ಬೈಪಾಸ್‌ನಲ್ಲಿ ಇನ್ನೂ ತುಸು ಹೆಚ್ಚು ಇಳಿಯುವುದು ಸರಾಸರಿ. ಅಂದರೆ 120 ಕಿಲೋ ಇದ್ದವರು ಒಂದರಿಂದ ಒಂದೂವರೆ ವರ್ಷದಲ್ಲಿ 90ರ ಆಸುಪಾಸಿಗೆ ಬರುತ್ತಾರೆ. ನಡುವೆ ಎರಡು ಮೂರು ವಾರ ಕಾಂಟಾ ಅಲ್ಲಾಡದೆ ನಿಲ್ಲುವುದೂ, ಎರಡನೇ ವರ್ಷದ ನಂತರ ಕೆಲವು ಕಿಲೋ ಮರಳುವುದೂ ಸಾಮಾನ್ಯ. ಅದಕ್ಕಿಂತ ಹೆಚ್ಚು ಏರಿದರೆ ನಾನು ಮೊದಲು ಕೇಳುವುದು ಊಟದ ಬಗ್ಗೆ ಅಲ್ಲ, ಊಟಗಳ ನಡುವಿನ ಹೊತ್ತಿನ ಬಗ್ಗೆ. ಚುರುಮುರಿ, ನಿಪ್ಪಟ್ಟು, ಬಿಸ್ಕತ್ತು, ಐಸ್‌ಕ್ರೀಮು ಯಾವ ಕೊಳವೆಯಲ್ಲೂ ನಿಲ್ಲದೆ ಜಾರಿಹೋಗುತ್ತವೆ. ದಿನವಿಡೀ ಕೈಯಾಡಿಸುತ್ತಿದ್ದರೆ ಪುಟ್ಟ ಜಠರವೂ ಬೇಕಾದಷ್ಟನ್ನು ಒಳಗೆ ಬಿಡುತ್ತದೆ. ನನ್ನ ಬಳಿಗೆ ಬಂದಿದ್ದ ಉಪಾಧ್ಯಾಯಿನಿಯೊಬ್ಬರು ಮೂರು ಹೊತ್ತೂ ಅಚ್ಚುಕಟ್ಟಾಗಿ ಉಣ್ಣುತ್ತಿದ್ದರು, ತೂಕ ಮಾತ್ರ ಏರುತ್ತಿತ್ತು. ಕೊನೆಗೆ ಸಿಕ್ಕಿದ್ದು, ಮದ್ದೂರಿನಿಂದ ದಿನವೂ ರೈಲಿನಲ್ಲಿ ಓಡಾಡುವಾಗ ಕೊಳ್ಳುತ್ತಿದ್ದ ಒಂದು ಮದ್ದೂರು ವಡೆ. ಗಟ್ಟಿ, ಗರಿ, ಚೆನ್ನಾಗಿ ಅಗಿದೇ ತಿನ್ನುತ್ತಿದ್ದೆ ಎಂದು ಅವರ ವಾದ. ಅಗಿದದ್ದು ನಿಜವೇ, ಎಣ್ಣೆಯೂ ನಿಜವೇ.

ಯಾವ ಲಕ್ಷಣ ಕಂಡರೆ ಬೆಳಗಾಗುವವರೆಗೆ ಕಾಯದೆ ಹೊರಡಬೇಕು?

ಮೊದಲ ವಾರಗಳಲ್ಲಿ ಸುಮ್ಮನೆ ಕುಳಿತಿರುವಾಗಲೂ ನಾಡಿ ನಿಮಿಷಕ್ಕೆ 120 ದಾಟಿದರೆ, 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ಜ್ವರ ಬಂದರೆ, ಹೊಟ್ಟೆನೋವು ಹೆಚ್ಚುತ್ತಾ ಎಡಭುಜಕ್ಕೆ ಹರಡಿದರೆ ಹೊಲಿಗೆಯ ಜಾಗದಲ್ಲಿ ಸೋರಿಕೆ ಇರಬಹುದು. ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಹೆಪ್ಪುಗಟ್ಟಿದ ರಕ್ತದ ಲಕ್ಷಣ. ಮಲ ಟಾರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಅಂಟಾಗಿ ದುರ್ವಾಸನೆಯಿದ್ದರೆ ತೋರಿಸಲೇಬೇಕು. ತಿಂಗಳುಗಳ ನಂತರ ಬಲಪಕ್ಕೆಯ ಕೆಳಗೆ ನೋವು ಬಂದರೆ ಪಿತ್ತಕೋಶದ ಕಲ್ಲು ಇದ್ದೀತು, ತೂಕ ವೇಗವಾಗಿ ಇಳಿದವರಲ್ಲಿ ಅದು ಹೆಚ್ಚು. ಇಡೀ ದಿನ ಒಂದು ಗುಟುಕು ನೀರೂ ನಿಲ್ಲದಿದ್ದರೆ ಅದೊಂದೇ ಹೊರಡಲು ಸಾಕಷ್ಟು ಕಾರಣ.

ಆಟೋ, ಬೈಕು ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿರಿ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ನಿಮ್ಮ ಮೊಬೈಲಿನಲ್ಲೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ. ಮೂಲ ಕಾಗದವನ್ನು ದೇವರ ಮನೆಯ ಬೀರುವಿನಲ್ಲಿ ಬೀಗ ಹಾಕಿಟ್ಟು, ರಾತ್ರಿ ಎರಡು ಗಂಟೆಗೆ ಬೀಗದ ಕೈ ಹುಡುಕಿದವರಿದ್ದಾರೆ.